ಚುಕ್ಕಿಯಿಲ್ಲದ ಕಾರು

ಮಲೇಷ್ಯಾದ ಕುವಾಲಾ ಪಿಲಾ ಪೇಟೆಯಲ್ಲಿ ಯಾರಾದರೂ ಕಾರು ನಿಲ್ಲಿಸುವಾಗ ಹಿಂದಿನ ಎಡಗಾಜಿನತ್ತ ಕತ್ತು ಹೊರಳಿಸಿ, ಅಲ್ಲಿ ಏನನ್ನೋ ಹುಡುಕಿ, ಸಿಗದೆ ಪೆಚ್ಚಾದರೆ, ಅವರು ಚಿಕ್ಗು ಜೈತೂನ್ ಹತ್ತಿರ ಕಲಿತವರು ಎಂದು ಕಣ್ಣುಮುಚ್ಚಿ ಹೇಳಬಹುದು. ಚಿಕ್ಗು ಅಂದರೆ ಟೀಚರು. ಶಾಲೆಯ ಟೀಚರಲ್ಲ, ಕಾರು ಕಲಿಸುವ ಟೀಚರು. ಆದರೂ ಶಾಲೆಯ ಹೆಡ್ಮಾಸ್ತರರಿಗೆ ಊರಿನಲ್ಲಿ ಇವರಷ್ಟು ಮರ್ಯಾದೆ ಇಲ್ಲ. ಹೆಡ್ಮಾಸ್ತರರಿಗೂ ಕಾರು ಕಲಿಸಿದವರು ಇವರೇ, ಅದೂ ಬೈದು ಬೈದು.

ಶಿಷ್ಯರು ಹುಡುಕುವುದು ಮೂರು ಚುಕ್ಕಿಗಳನ್ನು. ಜೈತೂನ್ ತಮ್ಮ ಕಂಚಿಲ್ ಕಾರಿನ ಗಾಜಿನ ಮೇಲೆ ಉಗುರುಬಣ್ಣದಲ್ಲಿ ಇಟ್ಟಿದ್ದ ಚುಕ್ಕಿಗಳವು. ಎರಡು ಕಂಬಗಳ ನಡುವೆ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸುವುದಿದೆಯಲ್ಲ, ಲೈಸೆನ್ಸ್ ಪರೀಕ್ಷೆಯಲ್ಲಿ ಎಂಥೆಂಥವರೂ ಬೆವರುವುದು ಅಲ್ಲೇ. ಅದಕ್ಕೆ ಚಿಕ್ಗು ಹೇಳಿಕೊಡುತ್ತಿದ್ದ ಮಂತ್ರ ಒಂದೇ: "ಹಸಿರಿಗೆ ಕಂಬ ಬಂತಾ, ಪೂರ್ತಿ ಎಡಕ್ಕೆ! ಹಳದಿಗೆ ಬಂತಾ, ನೆಟ್ಟಗೆ! ಕೆಂಪಿಗೆ ಬಂತಾ, ಪೂರ್ತಿ ಬಲಕ್ಕೆ! ತಲೆ ಓಡಿಸ್ಬೇಡ, ಚುಕ್ಕಿ ನೋಡು!" ಇದರಲ್ಲಿ ಕಳ್ಳತನವೇನೂ ಇರಲಿಲ್ಲ. ಡ್ರೈವಿಂಗ್ ಸ್ಕೂಲಿನ ಮೈದಾನದಲ್ಲಿ ಎಲ್ಲ ಟೀಚರುಗಳ ಕಾರಿನಲ್ಲೂ ಒಂದೊಂದು ಗುರುತು ಇತ್ತು. ಒಬ್ಬರು ಟೇಪು ಅಂಟಿಸಿದ್ದರು, ಇನ್ನೊಬ್ಬರು ಗಾಯಕ್ಕೆ ಹಾಕುವ ಪಟ್ಟಿ.

ಇಪ್ಪತ್ತನಾಲ್ಕು ವರ್ಷದ ಹಿಂದೆ ಜೈತೂನ್ ಭೂಮಾಪನ ಕಚೇರಿಯ ಟೈಪಿಸ್ಟ್ ಕೆಲಸ ಬಿಟ್ಟು ಈ ಮೈದಾನಕ್ಕೆ ಬಂದಾಗ ಅಲ್ಲಿದ್ದವರೆಲ್ಲ ಗಂಡಸರು. ಕಂಚಿಲ್ ಅಂದರೆ ಕಾಡಿನ ಬರ್ಕ, ಮೊಲದಷ್ಟೇ ಇರುವ ಜಿಂಕೆ. ಕಾರೂ ಹೆಸರಿಗೆ ತಕ್ಕ ಹಾಗೆ ಪುಟ್ಟದು. ಮೈದಾನದ ಹಿರಿಯ ಟೀಚರು ಚೊಂಗ್ ಮೊದಲ ದಿನವೇ 'ಕಾಕ್', ಅಂದರೆ ಅಕ್ಕ, ಎಂದು ಕರೆದೇ ಚುಚ್ಚಿದ್ದರು: "ಕಾಕ್ ತೂನ್, ಈ ಕಾರನ್ನ ರಿವರ್ಸ್ ತಗೊಂಡು ಯಾಕ್ರೀ ನಿಲ್ಲಿಸ್ಬೇಕು? ಕಂಕುಳಲ್ಲಿ ಎತ್ಕೊಂಡು ಬಂದು ಇಟ್ರೆ ಆಯ್ತಲ್ಲ!"

"ನಿಮ್ಮ ಹೊಟ್ಟೆ ಸ್ಟೇರಿಂಗಿಗೆ ತಗಲ್ದೇ ಇರೋ ಕಾರು ಸಿಗಲಿ ಮೊದ್ಲು," ಎಂದಿದ್ದರು ಜೈತೂನ್. ಅಂದಿನಿಂದ ಇಬ್ಬರಿಗೂ ದಿನಕ್ಕೊಮ್ಮೆ ಹೀಗೆ ಕೊಟ್ಟು ತೆಗೆದುಕೊಳ್ಳದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

ಆ ಕಾರು ಎಷ್ಟು ಜನರನ್ನು ಸಹಿಸಿತ್ತು ಎನ್ನುತ್ತೀರಿ! ಕ್ಲಚ್ ಬಿಡಲು ಬಾರದೆ ಕಪ್ಪೆಯ ಹಾಗೆ ಕುಪ್ಪಳಿಸಿದವರು, ಏರಿನ ಮೇಲೆ ನಿಂತು ದೇವರನ್ನು ಕರೆದವರು, ಪಾಸಾಗಿ ಬಂದು ಬಾನೆಟ್ಟಿಗೆ ಮುತ್ತು ಕೊಟ್ಟವರು. ಟೀಚರ ಕಡೆಗಿರುವ ಬ್ರೇಕಿನ ರಬ್ಬರು ಸವೆದು ಜೈತೂನರ ಬಲಗಾಲಿನ ಅಚ್ಚೇ ಮೂಡಿತ್ತು. ಕಾರಿನ ಮೈಯ ಹಸಿರು ಬಣ್ಣ ಬಿಸಿಲು ತಿಂದು ಯಾವ ಬಣ್ಣವೂ ಅಲ್ಲದ ಬಣ್ಣಕ್ಕೆ ಬಂದಿತ್ತು. ಹಾಗಿದ್ದರೂ ಬೆಳಿಗ್ಗೆ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ "ಬಂದೆ" ಅನ್ನುತ್ತಿತ್ತು. ಜೈತೂನ್ ಅದನ್ನು ಪ್ರೀತಿಸುತ್ತಿದ್ದರು. ಸುತ್ತಿ ಬಳಸಿ ಹೇಳುವುದೇಕೆ, ಮನೆಯ ಎಷ್ಟೋ ಜನರಿಗಿಂತ ಹೆಚ್ಚಾಗಿಯೇ ಪ್ರೀತಿಸುತ್ತಿದ್ದರು.

ಈ ವರ್ಷ ಸ್ಕೂಲಿನವರು ಹಳೆಯ ಕಾರುಗಳು ಇನ್ನು ಮೈದಾನಕ್ಕೆ ಬೇಡ, ತಿಂಗಳೊಳಗೆ ಎಲ್ಲರೂ ಹೊಸದು ತರಬೇಕು ಎಂದರು. ಜೈತೂನ್ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ಹೋಗಿ ಬಿಳಿ ಬಣ್ಣದ ಹೊಸ ಮಾದರಿಯೊಂದನ್ನು ತಂದರು. ಅಂಚೆ ಹಂಚಿ ನಿವೃತ್ತರಾಗಿದ್ದ ಗಂಡ ಇದ್ರಿಸ್ ಹಳದಿ ಅನ್ನ, ತೆಂಗಿನಹಾಲಿನಲ್ಲಿ ಬೇಯಿಸಿದ ಕೋಳಿ ರೆಂದಾಂಗ್ ಮಾಡಿಸಿ, ಇಮಾಮರನ್ನು ಕರೆದು ಪ್ರಾರ್ಥನೆ ಮಾಡಿಸಿದರು. ನೆರೆಹೊರೆಯವರು ಉಂಡು, ಹೊಸ ಸೀಟಿನ ಪ್ಲಾಸ್ಟಿಕ್ ಸವರಿ ಹೋದರು. ಕಂಚಿಲ್ ರಂಬುಟಾನ್ ಮರದ ಕೆಳಗೆ ಹೋಯಿತು. ಅದನ್ನು ಕೊಳ್ಳುವವರು ಬಹಾವ್ ಊರಿನಿಂದ ಬುಧವಾರ ಬರುವವರಿದ್ದರು.

ಜೈತೂನ್ ಹೊಸ ಕಾರಿನ ಗಾಜಿಗೂ ಅದೇ ಮೂರು ಚುಕ್ಕಿ ಇಟ್ಟರು. ಶುಕ್ರವಾರ ಮಧ್ಯಾಹ್ನ ನಮಾಜಿಗಾಗಿ ಮೈದಾನಕ್ಕೆ ಬಿಡುವು, ಒಂದು ನರಪಿಳ್ಳೆಯೂ ಇರುವುದಿಲ್ಲ. ಅಳತೆ ಸರಿಹೊಂದಿಸಿಕೊಳ್ಳೋಣ ಎಂದು ಆ ಹೊತ್ತಿನಲ್ಲಿ ಒಬ್ಬರೇ ಹೋದರು. ಹಸಿರಿಗೆ ಕಂಬ ಬಂತು, ಪೂರ್ತಿ ಎಡಕ್ಕೆ ತಿರುಗಿಸಿದರು. ಢಣ್! ಹಿಂದಿನ ಕಂಬ ಉರುಳಿತು. ಚುಕ್ಕಿ ಒರೆಸಿ ಒಂದು ಬೆರಳು ಈಚೆಗೆ ಇಟ್ಟರು. ಈ ಸಲ ಮುಂದಿನ ಕಂಬ ಹೋಯಿತು. ಹೊಸ ಕಾರಿನ ಗಾಜು ಓರೆ, ಮೈ ಉದ್ದ, ತಿರುಗುವ ಬಗೆ ಬೇರೆ. ಚುಕ್ಕಿಯನ್ನೆಲ್ಲ ಒರೆಸಿ, "ಸುಮ್ನೆ ನೋಡ್ಕೊಂಡು ನಿಲ್ಲಿಸಿದ್ರಾಯ್ತು, ಇಷ್ಟು ವರ್ಷದ ಕೈ," ಅಂದುಕೊಂಡು ಹಿಂದಕ್ಕೆ ತಂದರು. ಆಗಲಿಲ್ಲ. ಏಳು ಸಲ ಪ್ರಯತ್ನಿಸಿದರು, ಏಳು ಸಲವೂ ಆಗಲಿಲ್ಲ.

ಎಂಜಿನ್ ಆರಿಸಿ ಕೂತರು. ಇಪ್ಪತ್ತನಾಲ್ಕು ವರ್ಷ ತಾವು ಕಾರನ್ನೂ ನೋಡಿರಲಿಲ್ಲ, ಜಾಗವನ್ನೂ ನೋಡಿರಲಿಲ್ಲ, ಚುಕ್ಕಿಯನ್ನಷ್ಟೇ ನೋಡಿದ್ದರು. ಊರಿಗೆಲ್ಲ ಕಾರು ನಿಲ್ಲಿಸಲು ಕಲಿಸಿದ ಚಿಕ್ಗುವಿಗೆ ಕಾರು ನಿಲ್ಲಿಸಲು ಬರುವುದಿಲ್ಲ! ಯಾರಾದರೂ ಕಂಡರೆ ಗತಿಯೇನು ಎಂದು ಬಿದ್ದ ಕಂಬಗಳನ್ನು ಅವಸರವಸರವಾಗಿ ಎತ್ತಿ ನಿಲ್ಲಿಸಿದರು. ಮನೆಗೆ ಬಂದು ಕಾರನ್ನು ಬೀದಿಯಲ್ಲೇ ಅಡ್ಡಡ್ಡ ಬಿಟ್ಟು ಒಳಗೆ ನಡೆದರು.

"ಬಾಂಗ್, ನಾನು ಕೆಲ್ಸ ಬಿಡ್ತೀನಿ," ಎಂದರು ಗಂಡನಿಗೆ. "ಹಳೇ ಕಾರಿನ ಜೊತೆಗೆ ನಂದೂ ಆಯ್ತು."

ಇದ್ರಿಸ್ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ಕಾರಿಗೋಸ್ಕರ ಯಾರಾದ್ರೂ ಕೆಲ್ಸ ಬಿಡ್ತಾರಾ ತೂನ್? ನಾಳೆ ನಂಗೆ ವಯಸ್ಸಾಯ್ತು ಅಂತ ಮನೇನೂ ಬಿಡ್ತೀಯೇನು?"

"ನಿಮ್ಮನ್ನ ಬುಧವಾರ ಬಹಾವ್‌ನೋರು ಕೊಂಡ್ಕೊಳ್ಳೋದಾದ್ರೆ ಯೋಚ್ನೆ ಮಾಡ್ತೀನಿ," ಎಂದು ಜೈತೂನ್ ಅಡುಗೆಮನೆಗೆ ಹೋಗಿ, ಅಲ್ಲಿ ಸೆರಗಿಲ್ಲದವರು ಕಣ್ಣೊರೆಸಿಕೊಳ್ಳುವ ಹಾಗೆ ತೋಳಿನಿಂದ ಕಣ್ಣೊರೆಸಿಕೊಂಡರು.

ಸುದ್ದಿ ಊರೆಲ್ಲ ಹಬ್ಬಿತು. ಅಯ್ಯೋ ಪಾಪ, ಹಳೆಯ ಕಾರಿನ ಮೇಲೆ ಎಷ್ಟು ಜೀವ ನೋಡಿ ಎಂದು ಜನ ಲೊಚಗುಟ್ಟಿದರು. ಜೈತೂನ್ ಇಲ್ಲ ಎನ್ನಲಿಲ್ಲ. ನಾಚಿಕೆಗಿಂತ ಪ್ರೀತಿಯೇ ಒಳ್ಳೆಯ ನೆಪ.

ಸುಮ್ಮನೆ ಬಿಡದವಳು ಒಬ್ಬಳೇ, ಕಲ್ಸುಮ್, ಜೈತೂನರ ಬಾಯಲ್ಲಿ ಸೋಮ್. ಬಸ್ ನಿಲ್ದಾಣದೆದುರು ತಳ್ಳುಗಾಡಿಯಲ್ಲಿ ಬಾಳೆಹಣ್ಣು ಕರಿದು ಮಾರುವ ಹೆಂಗಸು, ವಯಸ್ಸು ನಲವತ್ತೊಂಬತ್ತು. ಮೂರು ಸಲ ಪರೀಕ್ಷೆಗೆ ಕೂತು, ಮೂರು ಸಲವೂ ಆ ಎರಡು ಕಂಬಗಳ ನಡುವೆಯೇ ಸೋತವಳು. ನಾಲ್ಕನೆಯದು ಬರುವ ಗುರುವಾರ. ಭಾನುವಾರ ಬೆಳಿಗ್ಗೆ ಬಿಸಿ ಬಾಳೆಹಣ್ಣಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಳು.

"ಚಿಕ್ಗು, ನಿಮ್ಗೆ ದುಃಖ ಇರ್ಬೋದು. ಅದಕ್ಕೆ ನಾನ್ಯಾಕೆ ಫೇಲಾಗ್ಬೇಕು?"

"ಚೊಂಗ್ ಹತ್ರ ಹೋಗು ಸೋಮ್. ಒಳ್ಳೇ ಟೀಚರು."

"ಅವ್ರು ಬೈಯೋದೇ ಇಲ್ಲ. ಬೈಸ್ಕೊಳ್ದೆ ನಂಗೆ ಏನೂ ತಲೆಗೆ ಹೋಗಲ್ಲ. ನಾನು ನಿಮ್ಮ ಹತ್ರಾನೇ ಕಲಿಯೋದು, ಇಲ್ಲಾಂದ್ರೆ ಬೇಡ. ಜೀವಮಾನ ಪೂರ್ತಿ ಮೈದುನನ ವ್ಯಾನಿಗೆ ಕಾಯ್ತಾ, ಅವ್ನು ಕೊಂಕಾಡಿದ್ದಕ್ಕೆಲ್ಲ ಹಲ್ಲು ಕಿರೀತಾ ಇರ್ತೀನಿ ಬಿಡಿ."

ಜೈತೂನರಿಗೆ ತಡೆಯಲಾಗಲಿಲ್ಲ. "ನಂಗೇ ಬರಲ್ಲ ಕಣೇ!" ಎಂದುಬಿಟ್ಟರು. "ಆ ಕಾರು ನಿಲ್ಸೋಕೆ ನಂಗೇ ಬರಲ್ಲ. ಏಳು ಸಲ ಕಂಬ ಬೀಳ್ಸಿದೀನಿ. ಚುಕ್ಕಿ ಇಲ್ದೆ ನಾನು ಕುರುಡಿ. ಸಾಕಾ? ಈಗ ಹೋಗಿ ಊರಿಗೆಲ್ಲ ಹೇಳು."

ಕಲ್ಸುಮ್ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಮೂರು ವರ್ಷದಿಂದ ನನ್ನನ್ನ ಮಡ್ಡಿ ಅಂದ್ರಲ್ಲ ಚಿಕ್ಗು! ದೇವ್ರು ದೊಡ್ಡೋನು!" ಎಂದವಳು, ಜೈತೂನರ ಮುಖ ನೋಡಿ ತಟ್ಟನೆ ಕಣ್ಣೊರೆಸಿಕೊಂಡಳು. ಹತ್ತಿರ ಬಂದು ಅವರ ಕೈ ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಅವಳು ಚಿಕ್ಗುವನ್ನು ಮುಟ್ಟಿದ್ದು ಅದೇ ಮೊದಲು.

"ಕೀಲಿ ತಗೊಳ್ಳಿ. ಹೋಗೋಣ."

ಭಾನುವಾರ ಮೈದಾನ ಖಾಲಿ. ಕಲ್ಸುಮ್ ಮೊದಲು ಜೈತೂನರನ್ನು ಕಾರಿನಿಂದ ಇಳಿಸಿದಳು. "ನಾನು ದಿನಾ ಸಂಜೆ ಗಾಡೀನ ಚರಂಡಿಗೂ ಲೈಟು ಕಂಬಕ್ಕೂ ನಡುವೆ ಹಿಂದಿಂದೆ ತಳ್ಳಿ ನಿಲ್ಲಿಸ್ತೀನಿ. ಅಲ್ಲಿ ಯಾವ ಚುಕ್ಕೀನೂ ಇಲ್ಲ. ಗಾಡಿ ಎಲ್ಲಿವರ್ಗೂ ಇದೆ ಅಂತ ನನ್ನ ಮೈಗೇ ಗೊತ್ತು. ನಿಮ್ಗೆ ಈ ಕಾರು ಎಲ್ಲಿವರ್ಗೂ ಇದೆ ಅಂತ ಗೊತ್ತಾ? ಒಂದು ಸುತ್ತು ಬನ್ನಿ. ಮುಟ್ಕೊಂಡು ಬನ್ನಿ."

ಜೈತೂನ್ ಸುತ್ತಿದರು. ಬಾಗಿಲು, ದೀಪ, ಹಿಂದಿನ ಮೂಲೆ, ಎಲ್ಲವನ್ನೂ ಅಂಗೈಯಿಂದ ತಡವಿದರು. ಹೊಸ ಸೊಸೆಯ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ ಹಾಗಾಯಿತು. ಇಲ್ಲಿಯವರೆಗೆ ಅದು ಕಂಚಿಲ್ ಅಲ್ಲ ಎನ್ನುವುದೊಂದೇ ಕಂಡಿತ್ತು.

ಕಲ್ಸುಮ್ ಹಿಂದಿನ ಕಂಬವನ್ನು ಎತ್ತಿ ಆಚೆಗಿಟ್ಟು, ಆ ಜಾಗದಲ್ಲಿ ತಾನೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾನೇ ಕಂಬ. ಬನ್ನಿ."

"ಹುಚ್ಚೀ, ಪಕ್ಕಕ್ಕೆ ಸರಿ! ಗುದ್ದಿದ್ರೆ?"

"ಗುದ್ದಿದ್ರೆ ಊರಿಗೆ ಬಾಳೆಹಣ್ಣು ಇಲ್ಲ, ಅಷ್ಟೇ. ಬನ್ನಿ ಅಂದ್ರೆ."

ಜೈತೂನ್ ಬಿಸ್ಮಿಲ್ಲಾ ಎಂದು ಕಾರನ್ನು ಹಿಂದಕ್ಕೆ ಬಿಟ್ಟರು, ಇರುವೆ ನಡೆದ ಹಾಗೆ. ಕಂಬವನ್ನಾದರೆ ಬೀಳಿಸಬಹುದು, ಮನುಷ್ಯರನ್ನು ಬೀಳಿಸಲಾಗುತ್ತದೆಯೇ? ಅವಳ ಹೂವಿನ ಚಿತ್ತಾರದ ಅಂಗಿ, ಬಿಸಿಲಿಗೆ ಕಿರಿದಾದ ಕಣ್ಣು, ಎಣ್ಣೆ ಸಿಡಿದ ಕಲೆಯ ಕೈ, ಎಲ್ಲವನ್ನೂ ನೋಡುತ್ತ ಬಂದರು. ಎಲ್ಲಿ ತಿರುಗಿಸಬೇಕೆಂದು ಯಾರೂ ಹೇಳಲಿಲ್ಲ. ಕೈ ತಾನಾಗಿ ತಿರುಗಿತು. ಕಾರು ಎರಡರ ನಡುವೆ ಬಂದು ನಿಂತಾಗ ಕಲ್ಸುಮ್‌ಗೂ ಬಂಪರಿಗೂ ನಡುವೆ ಒಂದು ಮೊಳ ಜಾಗವಿತ್ತು. ಜೈತೂನ್ ಸ್ಟೇರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟರು.

"ಅಳೋದು ಆಮೇಲೆ," ಎಂದಳು ಕಲ್ಸುಮ್, ಬಾಗಿಲು ತೆಗೆಯುತ್ತ. "ಇಳೀರಿ. ಈಗ ನೀವು ಕಂಬ."

ಸೋಮವಾರ, ಮಂಗಳವಾರವೂ ಇದೇ ಆಯಿತು, ಮೈದಾನ ತೆರೆಯುವ ಮೊದಲು, ಇಬ್ಬರೇ.

ಬುಧವಾರ ಬಹಾವ್‌ನಿಂದ ಒಬ್ಬರು ಮಗಳೊಂದಿಗೆ ಬಂದರು. ನರ್ಸ್ ಕೆಲಸಕ್ಕೆ ಸೇರಿದ ಮಗಳಿಗೆ ಮೊದಲ ಕಾರು. ಹುಡುಗಿ ಕಂಚಿಲ್‌ನ ಸುತ್ತ ಒಂದು ಸುತ್ತು ಬಂದು, ಗಾಜು ನೋಡಿ, ಚಿಕ್ಕಮ್ಮನನ್ನು ಕರೆಯುವ ಹಾಗೆ, "ಇದೇನು ಮಕ್‌ಚಿಕ್, ಚುಕ್ಕಿಗಳು?" ಎಂದಳು.

"ಏನಿಲ್ಲಮ್ಮ. ತಡಿ, ತೆಗೆದುಕೊಡ್ತೀನಿ. ಇದ್ರೆ ನಿನ್ನ ಅಭ್ಯಾಸಾನೂ ಕೆಟ್ಟೋಗತ್ತೆ."

ಜೈತೂನ್ ಹಿಂದಿನ ಸೀಟಿನಲ್ಲಿ ಕೂತು ಉಗುರಿನಿಂದ ಚುಕ್ಕಿಗಳನ್ನು ಒಂದೊಂದಾಗಿ ಕೆರೆದರು. ಕೆಂಪು ಬೇಗ ಬಂತು, ಹಳದಿಯೂ ಬಂತು. ಹಸಿರು ಹಟ ಹಿಡಿಯಿತು. ಎಷ್ಟೊಂದು ಸಲ ಅದರ ಮೇಲೇ ಹೊಸ ಬಣ್ಣ ಹಚ್ಚಿದ್ದರೋ. "ನಿಂದೇನೂ ತಪ್ಪಿಲ್ಲ," ಎಂದರು ಕಾರಿಗೆ, ಮೆಲ್ಲಗೆ. "ನಾನೇ ನಿನ್ನನ್ನ ಸರಿಯಾಗಿ ನೋಡ್ಲಿಲ್ಲ ಮಗಾ." ಕಾರು ಹೊರಟಾಗ ಗೇಟಿನವರೆಗೂ ಹಿಂದೆ ನಡೆದರು. ಹುಡುಗಿ ತಿರುವಿನಲ್ಲಿ ಸಿಗ್ನಲ್ ಹಾಕುವುದನ್ನು ಮರೆತಾಗ, "ಸಿಗ್ನಲ್!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದರು.

ಗುರುವಾರ ಕಲ್ಸುಮ್ ಬಿಳಿ ಕಾರಿನಲ್ಲಿ ಪರೀಕ್ಷೆಗೆ ಕೂತಳು. ಜೈತೂನ್ ಟೀಚರುಗಳ ಶೆಡ್ಡಿನಲ್ಲಿ ನಿಂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿದ್ದರು. ಏರು ಆಯಿತು. ಕಂಬಗಳ ಹತ್ತಿರ ಕಾರು ನಿಂತಿತು. ಕಲ್ಸುಮ್ ಗಾಜಿನಾಚೆ, ಹಿಂದೆ, ಪಕ್ಕದಲ್ಲಿ ಹೊಸಬಳ ಹಾಗೆ ಎಲ್ಲೆಲ್ಲೋ ನೋಡಿದಳು. ಆಮೇಲೆ ಒಂದೇ ಉಸಿರಿಗೆ ಹಿಂದಕ್ಕೆ ತಂದು, ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟ ಹಾಗೆ ನಿಲ್ಲಿಸಿದಳು. ಪರೀಕ್ಷಾಧಿಕಾರಿ ತಲೆಯಾಡಿಸಿ ಬರೆದುಕೊಂಡರು. ಕಾರಿನೊಳಗಿಂದ ಕಲ್ಸುಮ್ ಹಾಕಿದ ಕೇಕೆ ರಸ್ತೆಯಾಚೆಯ ಕಾಪಿ ಅಂಗಡಿಗೂ ಕೇಳಿಸಿತಂತೆ.

ಶೆಡ್ಡಿನಲ್ಲಿ ಎಲ್ಲರೂ ಸುತ್ತುವರಿದರು. "ಕಾಕ್ ತೂನ್, ಹೊಸ ಕಾರಲ್ಲಿ ಚುಕ್ಕಿ ಎಲ್ಲಿಟ್ರಿ? ಕಾಣೋದೇ ಇಲ್ವಲ್ಲ!"

ಜೈತೂನ್ ಏನಾದರೂ ಒಂದು ಸುಳ್ಳು ಹೇಳಿ ತೇಲಿಸಬಹುದಿತ್ತು. "ಎಲ್ಲೂ ಇಟ್ಟಿಲ್ಲ," ಎಂದರು. "ಚುಕ್ಕಿ ಇಲ್ದೆ ಕಾರು ನಿಲ್ಸೋದು ನಂಗೇ ಹೋದ ಭಾನುವಾರದವರ್ಗೂ ಬರ್ತಿರ್ಲಿಲ್ಲ. ಸೋಮ್ ಕಲಿಸಿದ್ದು. ಸೋಮವಾರದಿಂದ ನಾನು ಎಲ್ರಿಗೂ ಹಾಗೇ ಕಲಿಸೋದು."

ಶೆಡ್ಡು ನಗುವಿನಿಂದ ಅದುರಿತು. ಚಿಕ್ಗುವಿನ ತಮಾಷೆಯೇ ತಮಾಷೆ ಎಂದು ತೊಡೆ ತಟ್ಟಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ಚೊಂಗ್.

ಜನ ಚದುರಿದ ಮೇಲೆ ಜೈತೂನ್ ಕಾರಿನತ್ತ ಹೊರಟರು. ಚೊಂಗ್ ಹಿಂದೆಯೇ ಬಂದರು. ಆಚೀಚೆ ನೋಡಿದರು, ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು. ಜೈತೂನ್ ಇನ್ನೇನು ಚುಚ್ಚುಮಾತು ಬರುತ್ತದೋ ಎಂದು ಉತ್ತರ ಸಿದ್ಧಮಾಡಿಕೊಂಡು ಕಾದರು.

"ಕಾಕ್ ತೂನ್," ಎಂದರು ಚೊಂಗ್, ತಗ್ಗಿದ ದನಿಯಲ್ಲಿ. "ನನ್ನ ಹೊಸ ಕಾರು ಬಂದು ಒಂದು ವಾರ ಆಯ್ತು. ದಿನಾ ನನ್ನ ಮಗಳೇ ನಿಲ್ಲಿಸಿಕೊಡ್ತಾಳೆ. ನಂಗೂ... ಒಂದ್ಸಲ ಹೇಳಿಕೊಡ್ತೀರಾ?"

ಬಾಯಿತುದಿಗೆ ಬಂದಿದ್ದ ಮಾತನ್ನು ಜೈತೂನ್ ನುಂಗಿಕೊಂಡರು. ತಮ್ಮ ಕಾರಿನ ಬಾಗಿಲು ತೆಗೆದು, ಸೀಟನ್ನು ಅವರ ಹೊಟ್ಟೆಗೆ ಹಿಡಿಸುವಷ್ಟು ಹಿಂದಕ್ಕೆ ಸರಿಸಿಕೊಟ್ಟರು.

"ಕೂತ್ಕೊಳ್ಳಿ ಚೊಂಗ್," ಎಂದರು. "ಮೊದ್ಲು ಬೆಲ್ಟು ಹಾಕ್ಕೊಳ್ಳಿ."