ಹಳ್ಳದಾಚೆಯ ಹನ್ನೆರಡು ಉಪ್ಪಾಗೆ ಮರ

ಕಾಡಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಸ್ವಲ್ಪ ಎನ್ನುವುದು ನನ್ನ ಲೆಕ್ಕ. ಮನೆಯವರನ್ನು ಕೇಳಿದರೆ ಬೇರೆ ಹೇಳುತ್ತಾರೆ. ಕೋಣಂದೂರಿನ ಆಚೆಯ ಗದ್ದೆಬಯಲಿನ ಊರಿನಿಂದ ಮಾಸ್ತಿಕಟ್ಟೆ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದಾಗ ನಾನು ಹಲಸಿಗೂ ಹೆಬ್ಬಲಸಿಗೂ ವ್ಯತ್ಯಾಸ ತಿಳಿಯದವಳು. ಕಲಿಸಿದ್ದು ನನ್ನ ಅತ್ತೆ. ಅಡುಗೆಮನೆಯಲ್ಲಿ ಅವರಿಗೆ ನನ್ನ ಮೇಲೆ ಎಳ್ಳಷ್ಟೂ ತಾಳ್ಮೆ ಇರಲಿಲ್ಲ. ಕಾಡಿಗೆ ಹೋದರೆ ಮಾತ್ರ ಒಂದೇ ಮರವನ್ನು ಹತ್ತು ಸಲ ಕೇಳಿದರೂ ಹೇಳುತ್ತಿದ್ದರು.

ಅವರ ಪಾಠವೆಲ್ಲ ಮಳೆ ನಕ್ಷತ್ರದ ಲೆಕ್ಕದಲ್ಲಿ. ರೋಹಿಣಿಗೆ ನೇರಳೆ ಮುಗಿಯಬೇಕು, ಆರಿದ್ರೆಗೆ ಉಪ್ಪಾಗೆ ಹಣ್ಣಾಗಬೇಕು, ಪುಷ್ಯ ಬರುವಷ್ಟರಲ್ಲಿ ಸಿಪ್ಪೆ ಒಣಗಿ ಅಟ್ಟ ಸೇರಿರಬೇಕು. ನಮ್ಮ ಕಡೆ ಮಳೆ ಎಂದರೆ ಬರೀ ನೀರಲ್ಲ, ಪಂಚಾಂಗದಲ್ಲಿ ಬರೆದ ಹದಿನಾಲ್ಕು ದಿನ. ಆಕಾಶದಲ್ಲಿ ಮೋಡದ ಚೂರೂ ಇಲ್ಲದಿದ್ದರೂ ಆ ದಿನ ಬಂತೆಂದರೆ 'ಆರಿದ್ರೆ ಮಳೆ ಹುಟ್ಟಿತು' ಎಂದೇ ಹೇಳುತ್ತೇವೆ. 'ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ' ಎಂಬ ಗಾದೆಯನ್ನು ಊರವರು ಗದ್ದೆಗೆ ಹೇಳಿದರೆ ಅತ್ತೆ ಉಪ್ಪಾಗೆಗೆ ಹೇಳುತ್ತಿದ್ದರು.

ಉಪ್ಪಾಗೆ ಎಂದರೆ ಪುಟ್ಟ ಸಿಹಿಗುಂಬಳದ ಹಾಗೆ ಏಣು ಏಣಾದ ಹುಳಿ ಹಣ್ಣು. ಹಳದಿ ತಿರುಗಿದಾಗ ಆರಿಸಿ, ಸಿಪ್ಪೆ ಬಿಡಿಸಿ, ಮಳೆಗಾಲದಲ್ಲಿ ಬಿಸಿಲೆಲ್ಲಿ ಬರಬೇಕು, ಬೆಂಕಿಯ ಮೇಲೆ ಒಣಗಿಸಬೇಕು. ಬೀಜದಿಂದ ತುಪ್ಪ ತೆಗೆಯುತ್ತೇವೆ. ಅದರಲ್ಲಿ ಹೊಯ್ದ ದೋಸೆಯ ರುಚಿ ತಿಂದವರಿಗೇ ಗೊತ್ತು. ಊರಿನ ಹಿಂದಿನ ಹಳ್ಳ ದಾಟಿ ಗುಡ್ಡ ಹತ್ತಿದರೆ ಅಲ್ಲಿ ಹನ್ನೆರಡು ಹೆಣ್ಣು ಮರಗಳಿದ್ದವು. ಅತ್ತೆಯೂ ನಾನೂ ವರ್ಷವರ್ಷವೂ ಆರಿಸುತ್ತಿದ್ದದ್ದು ಅಲ್ಲೇ. ಯಾವ ಮರದ ಹಣ್ಣು ದೊಡ್ಡದು, ಯಾವುದಕ್ಕೆ ಮಂಗ ಮೊದಲು ಬರುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು.

ಅತ್ತೆಗೆ ಮಂಡಿನೋವು ಬಂದು ಅವರು ಕಾಡಿಗೆ ಹೋಗುವುದನ್ನು ಬಿಟ್ಟರು. ಅದೇ ವರ್ಷ ನಮ್ಮೂರಿಗೆ ಒಬ್ಬ ಸಂಶೋಧಕಿ ಬಂದಳು, ಮೈಸೂರಿನ ಕಡೆಯ ಹುಡುಗಿ. ಹವಾಮಾನ ಬದಲಾದ ಹಾಗೆ ಕಾಡಿನ ಮರಗಳು ಏನು ಮಾಡುತ್ತವೆ, ಯಾವುದು ಬೇಗ ಹೂ ಬಿಡುತ್ತದೆ, ಯಾವುದು ಬಿಡದೇ ಸುಮ್ಮನಾಗುತ್ತದೆ ಎಂದು ನೋಡುವುದು ಅವಳ ಕೆಲಸ. ಮೊದಲ ವಾರ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕಂಡರೆ ಹೆದರಿ ಕುಣಿಯುತ್ತಿದ್ದಳು. ಆದರೆ ಮರದ ಕೆಳಗೆ ನಿಂತರೆ ದುರ್ಬೀನು ಹಿಡಿದು ಕತ್ತು ಸೋಲುವವರೆಗೂ ನೋಡುತ್ತಿದ್ದಳು. ನಾನು ನಗುತ್ತಿದ್ದೆ.

"ಎಂತ ಅಷ್ಟು ನೋಡ್ತೀರಿ ಮಾರಾಯ್ತಿ? ಇದು ಉಪ್ಪಾಗೆ. ಇನ್ನೂ ಕಾಯಿ. ಆರಿದ್ರೆಗೆ ಹಣ್ಣಾಗ್ತದೆ."

"ನಿಮಗೆ ಗೊತ್ತು ಅಂತ ಗೊತ್ತು," ಎನ್ನುತ್ತಿದ್ದಳು. "ಆದರೂ ನೋಡೋಣ."

ಪ್ರತಿ ತಿಂಗಳೂ ಮರಗಳನ್ನು ನೋಡಿ ಬರೆಯುವ ಕೆಲಸವನ್ನು ಅವಳು ನನಗೆ ಕೊಟ್ಟಳು. ಹಳ್ಳದ ಈಚೆ ಒಂದಷ್ಟು ಮರ: ಸಾಲುಧೂಪ, ರಾಮಪತ್ರೆ, ಮುರುಗಲು, ಉಪ್ಪಾಗೆ. ಆಚೆ ನನ್ನ ಹನ್ನೆರಡು. ಎಲ್ಲಕ್ಕೂ ತಗಡಿನ ನಂಬರು. ಹಾಳೆಯಲ್ಲಿ ಒಂದು ಮರಕ್ಕೆ ಒಂದು ಸಾಲು. ಚಿಗುರು, ಮೊಗ್ಗು, ಹೂವು, ಕಾಯಿ, ಹಣ್ಣು ಎಂದು ಚೌಕದ ಮನೆಗಳು. ಇದ್ದದ್ದಕ್ಕೆ ಗುರುತು ಹಾಕಬೇಕು. ಕೊನೆಯ ಮನೆಯಲ್ಲಿ 'ನೋಡಿಲ್ಲ' ಎಂದಿತ್ತು. ಮಳೆಗೋ ಜ್ವರಕ್ಕೋ ಹೋಗಲಾಗದಿದ್ದರೆ ಅಲ್ಲಿ ಗುರುತು ಹಾಕಿ, ತಪ್ಪೇನಿಲ್ಲ ಎಂದು ಅವಳು ಬಿಡಿಸಿ ಹೇಳಿದ್ದಳು.

ಮೊದಲ ಮಳೆಗಾಲದಲ್ಲೇ ಹಳ್ಳ ದಾಟಲು ಹಾಕಿದ್ದ ಮರದ ಸಂಕ ತೇಲಿಹೋಯಿತು. ಆಚೆ ಹೋಗುವುದು ಹೇಗೆ? ಜಗಲಿಯಲ್ಲಿ ಹಾಳೆ ಹಿಡಿದು ಕುಳಿತೆ. 'ನೋಡಿಲ್ಲ' ಎಂಬ ಮನೆಯ ಮೇಲೆ ಪೆನ್ನು ಇಟ್ಟವಳಿಗೆ ಕೈಯೇ ಓಡಲಿಲ್ಲ. ಇಪ್ಪತ್ತು ವರ್ಷ ಆರಿಸಿದ ಮರ, ನೋಡಿಲ್ಲ ಎಂದು ಬರೆಯುವುದಾ? ನನಗೆ ಅದು ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ ಕಂಡಿತು. ಪಂಚಾಂಗ ನೋಡಿದೆ. ಆರಿದ್ರೆಗೆ ಇನ್ನೂ ಎರಡು ವಾರವಿತ್ತು. ಹನ್ನೆರಡೂ ಸಾಲಿಗೆ 'ಕಾಯಿ' ಎಂದು ಗುರುತು ಹಾಕಿದೆ. ಮುಂದಿನ ತಿಂಗಳು 'ಹಣ್ಣು'. ಸುಳ್ಳು ಬರೆದೆ ಎಂದು ಆಗ ಒಂದು ಕ್ಷಣವೂ ಅನ್ನಿಸಲಿಲ್ಲ, ದೇವರಾಣೆ.

ಹೀಗೆ ನಾಲ್ಕು ವರ್ಷ. ಈಚೆಯ ಮರಗಳನ್ನು ಒಂದು ತಿಂಗಳೂ ಬಿಡದೆ ನೋಡಿದೆ, ಮನೆಗೆ ಬೇಕಾದ ಹಣ್ಣನ್ನೂ ಅಲ್ಲೇ ಆರಿಸಿಕೊಂಡೆ. ಆಚೆಗೆ ಹೋದ ತಿಂಗಳೂ ಇತ್ತು, ಹೋಗದ ತಿಂಗಳೂ ಇತ್ತು. ಮಳೆಗಾಲದಲ್ಲಿ ಹಳ್ಳ, ಬೇಸಿಗೆಯಲ್ಲಿ ಗದ್ದೆ ಕೆಲಸ, ನಡುವೆ ಮದುವೆ ಮುಂಜಿ. ಒಮ್ಮೆ ರೂಢಿಯಾದ ಮೇಲೆ ಏನು? ಹೋದಾಗಲೂ ಏರಿನ ಕೆಳಗೆ ನಿಂತು ನಾಲ್ಕು ಮರ ನೋಡಿ ಹನ್ನೆರಡಕ್ಕೂ ಬರೆದು ಬಂದದ್ದುಂಟು.

ಕಳೆದ ಮೇ ಕೊನೆಯಲ್ಲಿ ಸಂಶೋಧಕಿ ಲ್ಯಾಪ್‌ಟಾಪ್ ತೆಗೆದುಕೊಂಡು ಮನೆಗೇ ಬಂದಳು. ಖುಷಿ ಮುಖದಲ್ಲೇ ಕಾಣುತ್ತಿತ್ತು. ಪರದೆಯ ಮೇಲೆ ಎರಡು ಗೆರೆ ತೋರಿಸಿದಳು. ಹಳ್ಳದ ಈಚೆಯ ಗೆರೆ ಹಾವಿನ ಹಾಗೆ ಹೊರಳಿತ್ತು. ಈಚೆಯ ಉಪ್ಪಾಗೆ ವರ್ಷ ವರ್ಷಕ್ಕೂ ಬೇಗ ಹಣ್ಣಾಗುತ್ತಿತ್ತು, ಮುರುಗಲು ಒಂದು ವರ್ಷ ಎರಡು ಸಲ ಹೂ ಬಿಟ್ಟು ಮರುವರ್ಷ ಸುಮ್ಮನಾಗಿತ್ತು. ಆಚೆಯ ಗೆರೆ ಮಾತ್ರ ನೆಟ್ಟಗೆ, ಹಗ್ಗ ಎಳೆದು ಕಟ್ಟಿದ ಹಾಗೆ.

"ನೋಡಿದ್ರಾ? ಆ ಹನ್ನೆರಡು ಮರ ಒಂಚೂರೂ ಬದಲಾಗಿಲ್ಲ," ಎಂದಳು. "ಹಳ್ಳದ ತಂಪು ಅವನ್ನ ಕಾಪಾಡ್ತಿರಬೇಕು, ಇಲ್ಲಾ ಆ ತಳಿಯೇ ಬಿಸಿಲು ತಾಳೋದಿರಬೇಕು. ಸಸಿ ಮಾಡೋಕೆ ಈ ಸಲ ಬೀಜವನ್ನೆಲ್ಲ ಅಲ್ಲಿಂದಲೇ ತಗೊಳ್ತೀವಿ. ವರದಮೂಲದ ಕಡೆ ಬೋಳುಗುಡ್ಡಕ್ಕೆ, ಆಮೇಲೆ ನಿಮ್ಮ ತವರಿನ ಕಡೆಗೂ. ಆರಿದ್ರೆ ಹುಟ್ಟಿದ ಮೇಲೆ ಹೋಗೋಣ ಅಲ್ವಾ? ನಿಮ್ಮ ಲೆಕ್ಕದ ಪ್ರಕಾರ ಆಗಲೇ ಹಣ್ಣು."

ಅವಳು ಆರಿದ್ರೆ ಎನ್ನುವುದನ್ನು ನನ್ನಿಂದ ಕಲಿತದ್ದು. ನೆಟ್ಟಗಿನ ಆ ಗೆರೆ ಮರದ್ದಲ್ಲ, ನನ್ನ ಪಂಚಾಂಗದ್ದು ಎಂದು ನನಗೆ ಆಗಲೇ ಹೊಳೆಯಿತು. ಹಾಗಿದ್ದೂ ಬಾಯಿಂದ ಬಂದ ಮಾತು ಬೇರೆ.

"ಹೌದು, ಅಲ್ಲಿ ತಂಪು ಜಾಸ್ತಿ," ಎಂದೆ.

ಅವಳು ಹೋದ ಮೇಲೆ ಅತ್ತೆಯ ಹತ್ತಿರ ಕುಳಿತೆ. ಅವರು ಜಗಲಿಯಲ್ಲಿ ಕಾಲು ಚಾಚಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಆರಿದ್ರೆಗೆ ಉಪ್ಪಾಗೆ ಹಣ್ಣಾಗುವುದು ತಪ್ಪುವುದೇ ಇಲ್ಲ ಅಲ್ಲವೇ ಎಂದು ಕೇಳಿದೆ. ಹೌದು ಎಂದುಬಿಟ್ಟರೆ ಸಾಕಿತ್ತು.

"ನಾ ಹೋಗೋ ಹೊತ್ತಿಗೆ ತಪ್ತಿರ್ಲಿಲ್ಲ," ಎಂದರು. "ಈಗಿಂದು ನಂಗೆಂತ ಗೊತ್ತು? ನಾ ಕಾಡು ಕಾಣದೆ ಎಷ್ಟು ವರ್ಷ ಆಯ್ತು. ದಿನಾ ಹೋಗೋಳು ನೀನು, ನನ್ ಕೇಳ್ತೀಯಲ್ಲೇ."

ಆ ವರ್ಷ ಮಳೆ ತಡವಾಗಿತ್ತು. ಆರಿದ್ರೆಗೆ ಮುಂಚಿನ ಮೃಗಶಿರ ಹುಟ್ಟಿ ಎರಡು ದಿನವಾಗಿದ್ದರೂ ಹಳ್ಳದಲ್ಲಿ ಕಣಕಾಲು ಮುಳುಗುವಷ್ಟೇ ನೀರು. ಬೆಳಿಗ್ಗೆ ದೋಸೆ ಹೊಯ್ದಿಟ್ಟು ಒಬ್ಬಳೇ ದಾಟಿದೆ. ಏರು ಹತ್ತುವ ಮೊದಲೇ ಮೂಗಿಗೆ ಹುಳಿ ವಾಸನೆ ಬಡಿಯಿತು, ಕಳಿತ ಹಣ್ಣಿನದು. ಮೊದಲ ಮರದ ಕೆಳಗೆ ಹಣ್ಣು ಉದುರಿ, ಕಪ್ಪಾಗಿ, ಇರುವೆ ಮುತ್ತಿತ್ತು. ಎರಡನೆಯದೂ ಹಾಗೇ. ಮಂಗಗಳು ತಿಂದು ಎಸೆದ ಸಿಪ್ಪೆ ತರಗೆಲೆಯ ಮೇಲೆಲ್ಲ ಬಿದ್ದಿತ್ತು. ಏಳನೇ ಮರ ಮತ್ತು ಒಂಬತ್ತನೇ ಮರದಲ್ಲಿ ಮಾತ್ರ ನಾಲ್ಕಾರು ಹಳದಿ ಹಣ್ಣು ಕಂಡವು. ಹನ್ನೊಂದನೆಯದರಲ್ಲಿ ಆ ವರ್ಷ ಕಾಯಿಯೇ ಆದ ಗುರುತಿರಲಿಲ್ಲ, ತುದಿ ಕೊಂಬೆ ಒಣಗಿತ್ತು. ಆ ಕೊಂಬೆ ಒಣಗಿ ಒಂದು ವರ್ಷದ್ದಲ್ಲ. ತೊಗಟೆ ಎದ್ದು, ಮೇಲೆ ಅಣಬೆ ಬಂದಿತ್ತು. ಯಾವಾಗ ಒಣಗಿತು? ನಾನು ಆ ಮರಕ್ಕೆ ಪ್ರತಿ ವರ್ಷ 'ಹಣ್ಣು' ಎಂದು ಬರೆದಿದ್ದೆ.

ಅಲ್ಲೇ ಕುಳಿತೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆರಿದ್ರೆಗೆ ಬಂದರೆ ಅವಳಿಗೆ ಒಂದು ಬೀಜವೂ ಸಿಗುತ್ತಿರಲಿಲ್ಲ. ಸಿಕ್ಕರೂ, ಬಿಸಿಲನ್ನು ತಾಳಿಕೊಂಡ ಮರದ ಬೀಜ ಎಂದು ನಂಬಿ ಅವರು ನೆಡುತ್ತಿದ್ದದ್ದು ಎಲ್ಲ ಮರಗಳ ಹಾಗೇ ತತ್ತರಿಸುತ್ತಿದ್ದ ಮರದ್ದನ್ನು. ಹೇಳದೇ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಳೆ ತಡವಾದದ್ದಕ್ಕೆ ಹೀಗಾಯಿತು ಎಂದು ನಾನೇ ಹೇಳಬಹುದಿತ್ತು. ನನ್ನ ಮಾತನ್ನು ಅವಳು ನಂಬುತ್ತಿದ್ದಳು ಕೂಡ.

ಅದೇ ದಿನ ಬಸ್ಸು ಹಿಡಿದು ಮಾಸ್ತಿಕಟ್ಟೆಯಲ್ಲಿ ಅವಳಿದ್ದ ಬಾಡಿಗೆ ಕೋಣೆಗೆ ಹೋದೆ. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ: "ಆಚೆ ಮರ ನಾ ನೋಡ್ಲೇ ಇಲ್ಲ. ಗೊತ್ತುಂಟು ಅಂತ ಬರ್ದೆ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ, ಉಳಿದದ್ದು ಸಿಗುತ್ತದಾ, ನಾಳೆಯೇ ಹೋಗೋಣವಾ ಎಂದಷ್ಟೇ ಕೇಳಿದಳು. ಮರುದಿನ ಇಬ್ಬರೂ ಬೆಳಗಿನಿಂದ ಮಧ್ಯಾಹ್ನದವರೆಗೆ ತರಗೆಲೆ ಕೆದಕಿ, ಕೊಳೆತದ್ದನ್ನು ತೆಗೆದು ಬೀಜ ಆರಿಸಿದೆವು. ಒಂದು ಬುಟ್ಟಿ ತುಂಬಲಿಲ್ಲ. ಹತ್ತಿದ ಇಂಬಳವನ್ನು ಅವಳು ಈಗ ಕುಣಿಯದೆ ತಾನಾಗಿ ಕಿತ್ತು ಎಸೆಯುತ್ತಿದ್ದಳು.

ಹಳ್ಳ ದಾಟಿ ಬಂದ ಮೇಲೆ ಅವಳು ಚೀಲದಿಂದ ಆಚೆಯ ಮರಗಳ ನಾಲ್ಕು ವರ್ಷದ ಹಾಳೆಗಳನ್ನೂ ಒಂದು ಕೆಂಪು ಪೆನ್ನನ್ನೂ ತೆಗೆದು ನನ್ನ ಕೈಗೆ ಕೊಟ್ಟಳು.

"ನೋಡದೇ ಬರೆದ ಸಾಲಿಗೆಲ್ಲ ಕೆಂಪು ಗೆರೆ ಹಾಕಿ," ಎಂದಳು. "ನೋಡಿದ್ದು ಇರಲಿ. ಹತ್ತೇ ಸಾಲು ನಿಜ ಇದ್ದರೂ ನನಗೆ ಸಾಕು."

ಆ ಹತ್ತು ಸಾಲನ್ನು ಹೇಗಾದರೂ ಉಳಿಸಿಕೊಡಬೇಕು ಎಂದು ಜಗಲಿಯಲ್ಲಿ ಹಾಳೆ ಹರಡಿಕೊಂಡು ಕುಳಿತೆ. ಸಂಕ ತೇಲಿಹೋದ ವರ್ಷದ ಮಳೆಗಾಲ ಸುಲಭವಾಗಿತ್ತು, ಪೂರ್ತಿ ಕೆಂಪು. ಆಮೇಲಿನ ಬೇಸಿಗೆಯ ಹಾಳೆಗಳಲ್ಲಿ ಕೈ ನಿಧಾನವಾಯಿತು. ಇದು ನೋಡಿದ್ದಾ? ನೋಡಿದ್ದಿರಬೇಕು. ಮೂರನೇ ವರ್ಷದ ಒಂದು ಸಾಲು ಕಂಡಾಗ ಜೀವ ಬಂದ ಹಾಗಾಯಿತು. ಏಳನೇ ಮರ, ಹಣ್ಣು. ಇದನ್ನಂತೂ ಕಣ್ಣಾರೆ ಕಂಡಿದ್ದೇನೆ. ಬಗ್ಗಿದ ಕೊಂಬೆಯ ತುಂಬ ಹಳದಿ, ಮೇಲೆ ಕೆಂದಳಿಲೊಂದು ಹಣ್ಣು ಕಚ್ಚಿಕೊಂಡು ಓಡಿದ್ದು, ಅರ್ಧ ತಿಂದ ಹಣ್ಣು ಕೆಳಗೆ ಬಿದ್ದಾಗ ಅತ್ತೆ "ಏ ಕಳ್ಳ" ಎಂದು ಬೈದು ಅದನ್ನು ಬುಟ್ಟಿಗೆ ಹಾಕಿಕೊಂಡದ್ದು, ಎಲ್ಲ ನಿನ್ನೆ ಮೊನ್ನೆಯ ಹಾಗೆ ನೆನಪಿದೆ.

ಮೂರನೇ ವರ್ಷ ಅತ್ತೆ ಅಂಗಳ ದಾಟಿರಲಿಲ್ಲ.

ಪಕ್ಕದ ಸಾಲು ನೋಡಿದೆ, ಅದರ ಕೆಳಗಿನದು ನೋಡಿದೆ. ಎಲ್ಲದರಲ್ಲೂ ಮರ ನಿಚ್ಚಳವಾಗಿ ಕಾಣುತ್ತಿತ್ತು, ಯಾವ ವರ್ಷದ ಮರ ಎಂದು ಮಾತ್ರ ಹೇಳಲಾಗಲಿಲ್ಲ. ಒಳಗಿನಿಂದ ಅತ್ತೆ ಊಟಕ್ಕೆ ಕರೆದರು. ಬಂದೆ ಎಂದು ಹೇಳಿ ಆ ಹಾಳೆಯ ಮೊದಲ ಸಾಲಿಗೆ ಕೆಂಪು ಪೆನ್ನು ಇಟ್ಟೆ. ಆಮೇಲೆ ಎತ್ತದೆ ಕೆಳಗಿನವರೆಗೂ ಎಳೆದೆ.