ದೊಡ್ಡ ಮೆಮೊರಿ ಕಾರ್ಡ್

ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯ ನೇಕಾರ ಏನೇ ಕೊಳ್ಳುವಾಗಲೂ ಅಂಗೈಯಲ್ಲಿ ತೂಗಿ ನೋಡಿ, "ಭಾಳ ದಿನ ಬಾಳಕಿ ಬರ್ತೈತೇನ್ರಿ?" ಎನ್ನುತ್ತಿದ್ದ. ಹಾಸಿಗೆ ಹಿಡಿದ ಮಗಳು ಕೈಯಲ್ಲಿ ಹಿಡಿದು ಆಡುವ ಗೇಮಿಗೆ ಮೆಮೊರಿ ಕಾರ್ಡ್ ಬೇಕೆಂದು ನನ್ನನ್ನೂ ಅಂಗಡಿಗೆ ಕರೆದೊಯ್ದ. ಉಗುರಿನಷ್ಟಿದ್ದ ಕಾರ್ಡನ್ನೂ ಹಾಗೆಯೇ ತೂಗಿದ.

"ಸಣ್ಣದ್ರಾಗ ನಾಕೈದು ಆಟ ಹಿಡಿತಾವು, ದೊಡ್ಡದ್ರಾಗ ನೂರು," ಎಂದ ಅಂಗಡಿಯವ.

ಮಗಳು ಇನ್ನೆರಡು ತಿಂಗಳು ಉಳಿಯುವುದೂ ಕಷ್ಟವೆಂದು ವೈದ್ಯರು ಹೇಳಿದ್ದು ನನಗೆ ಗೊತ್ತಿತ್ತು. "ಸಣ್ಣದ ಸಾಕಲ್ಲೋ," ಎಂದು ಬಾಯಿತಪ್ಪಿ ಅಂದುಬಿಟ್ಟೆ.

ಅವನು ನನ್ನತ್ತ ನೋಡಲಿಲ್ಲ. "ದೊಡ್ಡದ ಕೊಡ್ರಿ," ಎಂದ.

ಮನೆಗೆ ಬಂದು ಕಾರ್ಡ್ ಹಾಕಿಕೊಟ್ಟೆ. ಮಗಳ ಬೆರಳಲ್ಲಿ ಗುಂಡಿ ಒತ್ತುವ ಬಲ ಉಳಿದಿರಲಿಲ್ಲ. ಅವನೇ ಆಡಿದ, ಅವಳು ನೋಡಿದಳು. ಮಗ್ಗ ನಡೆಸುವ ಆ ಕೈಗೆ ಆಟ ಒಲಿಯಲಿಲ್ಲ, ಸೋಲುತ್ತಲೇ ಹೋದ.

"ಸಾಕ್ ಬಿಡಪ್ಪಾ," ಎಂದು ಮಗಳು ಗೋಡೆಯತ್ತ ಮುಖ ತಿರುಗಿಸಿದಳು.

ಅವನು ಮತ್ತೆ ಮೊದಲಿನಿಂದ ಶುರು ಮಾಡಿದ.