ಥಿಯೇಟರಿನಲ್ಲಿ ಕಥೆ ಹೇಳಿದ ಅಪರಾಧ

ಕಳೆದ ಭಾನುವಾರ ತುಮಕೂರಿನ ಥಿಯೇಟರೊಂದರಲ್ಲಿ ನನ್ನನ್ನು ಸೀಟಿನಿಂದ ಎಬ್ಬಿಸಿದರು. ನಾನು ಸಿಗರೇಟು ಹಚ್ಚಿರಲಿಲ್ಲ. ಮೊಬೈಲಿನಲ್ಲಿ ಕೂಗಾಡಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನಿಗೆ ಪಿಸುದನಿಯಲ್ಲಿ ಸಿನಿಮಾದ ಕಥೆ ಹೇಳುತ್ತಿದ್ದೆ, ಅಷ್ಟೇ.

ಚಿಕ್ಕಮ್ಮ ಗಂಗಮ್ಮನಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಕಣ್ಣಿನೊಳಗಿನ ಪ್ರೆಶರ್ ಏರಿ ನರ ಹಾಳಾಯಿತು, ಇನ್ನು ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಕಡಬದಲ್ಲಿ ಮಗ, ಸೊಸೆ, ಮೊಮ್ಮಕ್ಕಳನ್ನು ಗದರಿಕೊಂಡು ಜೋರಾಗಿಯೇ ಇದ್ದಾಳೆ. ಅದರ ಹಿಂದಿನ ದಿನ ತುಮಕೂರಿನ ನಮ್ಮ ಮನೆಗೆ ಬಂದವಳು ಊಟ ಮುಗಿಸಿ ನೇರವಾಗಿ ಕೇಳಿದಳು.

“ನನ್ನ ಒಂದ್ ಸಿನಿಮಾಕ್ಕೆ ಕರ್ಕೊಂಡು ಹೋಗ್ತೀಯೇನ್ಲಾ? ಮನೇಲಿ ಕೇಳಿದ್ರೆ, ಹೋಗಿ ಏನ್ ಮಾಡ್ತೀಯ ಬುಡು ಅಂತಾರೆ.”

ಬೇಡ ಎಂದು ಯಾವ ಬಾಯಲ್ಲಿ ಹೇಳಲಿ? ನನಗೆ ಸಿನಿಮಾ ಹುಚ್ಚು ಹಿಡಿಸಿದವಳೇ ಅವಳು. ನಾನು ಚಿಕ್ಕವನಿದ್ದಾಗ ಕಡಬದ ನಮ್ಮ ಬೀದಿಯಿಂದ ಗುಬ್ಬಿಗೆ ಹೋಗಿ ಸಿನಿಮಾ ನೋಡುತ್ತಿದ್ದವರು ಒಬ್ಬರೋ ಇಬ್ಬರೋ. ನೋಡಿ ಬಂದವರು ಮಾರನೆಯ ದಿನ ಉಳಿದವರಿಗೆ ಕಥೆ ಹೇಳಬೇಕು. ಅದು ಬೀದಿಯ ಕಟ್ಟಳೆ. ಹೆಂಗಸರೆಲ್ಲ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರೆ ಗಂಗಮ್ಮ ಶುರು ಮಾಡುತ್ತಿದ್ದಳು. ಹೀರೋ ಸಾಯುತ್ತಾನೆ ಎಂದು ಮೊದಲೇ ಹೇಳಿಬಿಡುತ್ತಿದ್ದಳು. ಆಮೇಲೆ, ಯಾಕೆ ಸತ್ತ ಎಂದು ಎರಡು ಗಂಟೆ. ಒಬ್ಬರೂ ಎದ್ದು ಹೋಗುತ್ತಿರಲಿಲ್ಲ. ಪೂರ್ತಿ ಕೇಳಿದವರೇ ಮುಂದಿನ ವಾರ ಗುಬ್ಬಿಗೆ ಹೋಗಿ ಅದೇ ಸಿನಿಮಾಕ್ಕೆ ಅತ್ತು ಬರುತ್ತಿದ್ದರು.

(ಸ್ಪಾಯ್ಲರ್ ಅಂದರೆ ಕೊಲೆ ನಡೆದ ಹಾಗೆ ಆಡುತ್ತೀರಲ್ಲ, ನಿಮಗೇ ಹೇಳುತ್ತಿದ್ದೇನೆ. ಕೊನೆ ಗೊತ್ತಾದ ತಕ್ಷಣ ಸತ್ತುಹೋಗುವ ಸಿನಿಮಾ ಬದುಕಿದ್ದಾದರೂ ಯಾವಾಗ?)

ಸರಿ, ಹೋದೆವು. ಇಲ್ಲಿ ನನ್ನದೇ ಒಂದು ಪೆದ್ದುತನ ನಡೆಯಿತು. ಕುಣಿಗಲ್ಲಿನ ಗೆಳೆಯನೊಬ್ಬ ಬಹಳ ಹೊಗಳಿದ ಎಂದು ನಾನು ಆರಿಸಿದ್ದು ಮಾತೇ ಇಲ್ಲದ ಸಿನಿಮಾ. ಅಲ್ಲ, ಮಾತು ಇದೆ, ಹತ್ತು ನಿಮಿಷಕ್ಕೊಂದು. ‘ಹೇಳಬೇಡಿ, ತೋರಿಸಿ’ ಎಂದು ನಮ್ಮ ಫಿಲ್ಮ್ ಕ್ಲಬ್ಬಿನಲ್ಲಿ ಭಾಷಣ ಬಿಗಿಯುವವನು ನಾನು. ತೋರಿಸಿದ್ದು ಕಾಣದವರು ಏನು ಮಾಡಬೇಕು? ಇಷ್ಟು ವರ್ಷದಲ್ಲಿ ಒಂದು ದಿನವೂ ಅದನ್ನು ಯೋಚಿಸಿರಲಿಲ್ಲ. ನಾಚಿಕೆಯಾಯಿತು.

ಲೈಟು ಆರಿತು. ಚಿಕ್ಕಮ್ಮನ ಕಿವಿಯ ಹತ್ತಿರ ಬಾಗಿದೆ. “ಲಾಂಗ್ ಶಾಟ್, ಚಿಕ್ಕಮ್ಮ. ಒಂದು ಹಳೇ ಮನೆ. ಎಡಗಡೆಯಿಂದ ಬೆಳಕು ಬೀಳ್ತಿದೆ. ಈಗ ಒಬ್ಬ ಹೆಂಗಸಿನ ಮುಖ, ಕ್ಲೋಸಪ್ಪು.”

“ಕ್ಯಾಮೆರಾದವನ ಕೆಲಸ ನಿಂಗ್ಯಾಕ್ಲಾ? ಅವಳು ಯಾರು? ಯಾಕೆ ಸುಮ್ಕೆ ಕೂತವ್ಳೆ? ಅದ್ ಹೇಳು.”

ತಡಬಡಾಯಿಸಿದೆ. ಇಷ್ಟು ಕಾಲ ಸಿನಿಮಾ ಬಗ್ಗೆ ಬರೆದವನಿಗೆ ಆ ಹೆಂಗಸು ಯಾಕೆ ಸುಮ್ಮನೆ ಕೂತಿದ್ದಾಳೆಂದು ಒಂದು ಸಾಲಿನಲ್ಲಿ ಹೇಳಲು ಬರಲಿಲ್ಲ. ಸ್ವಲ್ಪ ನೋಡಿ ಮತ್ತೆ ಶುರು ಮಾಡಿದೆ. “ಇವಳು ಅಕ್ಕ. ಮಾತು ಬಿಟ್ಟಿದ್ದ ತಂಗಿ ಇವತ್ತು ಮನೆಗೆ ಬಂದವ್ಳೆ. ಕೂತ್ಕೋ ಅನ್ನೋಕೂ ಇವಳಿಗೆ ಬಾಯಿ ಬರ್ತಿಲ್ಲ.”

“ಹ್ಞಾಂ, ಹಂಗ್ ಹೇಳು.”

ಮುಂದಿನ ಸಾಲಿನ ಕನ್ನಡಕದ ಮನುಷ್ಯ ಎರಡು ಸಲ ತಿರುಗಿದ. ಮೂರನೇ ಸಲ ಬಾಯಿಬಿಟ್ಟ. “ಸ್ವಲ್ಪ ಸೈಲೆಂಟ್ ಆಗಿರಿ ಸಾರ್.”

“ಇವರಿಗೆ ಕಣ್ಣು ಕಾಣಲ್ಲ ಸಾರ್. ಅದಕ್ಕೇ ಹೇಳ್ತಿದೀನಿ.”

“ಹಾಗಾದ್ರೆ ಯಾಕೆ ಕರ್ಕೊಂಡು ಬಂದ್ರಿ?”

ಅವನೇ ಎದ್ದು ಹೋಗಿ ಸಿಬ್ಬಂದಿಯನ್ನು ಕರೆತಂದ. ಮುಖಕ್ಕೆ ಟಾರ್ಚ್ ಬಿತ್ತು. ಬೇರೆಯವರಿಗೆ ಡಿಸ್ಟರ್ಬ್ ಆಗುತ್ತಿದೆ, ಹೊರಗೆ ಬನ್ನಿ ಎಂದರು. ಸುಳ್ಳು ಯಾಕೆ ಹೇಳಲಿ, ಸುತ್ತಲಿನವರ ಕಣ್ಣಿಗೆ ಹೆದರಿ ನಾನು ಅರ್ಧ ಎದ್ದೇಬಿಟ್ಟಿದ್ದೆ. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದು ಕೆಳಗೆಳೆದಳು.

“ನಾನು ಹೊರಕ್ಕೆ ಬರಕ್ಕಿಲ್ಲ. ಟಿಕೆಟ್ ತಗಂಡಿವ್ನಿ. ಕಥೆ ಈಗ ಅರ್ಧಕ್ಕೆ ಬಂದೈತೆ.”

ಕೊನೆಗೆ ರಾಜಿಯಾಯಿತು. ನಮ್ಮನ್ನು ಎಲ್ಲರಿಗಿಂತ ಮುಂದೆ, ಗೋಡೆಯ ಪಕ್ಕದ ಖಾಲಿ ಸೀಟುಗಳಿಗೆ ಕಳಿಸಿದರು. ಕತ್ತು ಮುರಿಯುವ ಜಾಗ. ಅವಳಿಗೆ ಏನೂ ಆಗಲಿಲ್ಲ, ಮುರಿದದ್ದು ನನ್ನ ಕತ್ತು.

ನಿಶ್ಶಬ್ದದ ಸಿನಿಮಾಕ್ಕೆ ಬಂದವರು ನಿಶ್ಶಬ್ದ ಕೇಳಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಸ್ಟಾರ್ ಎಂಟ್ರಿಗೆ ಶಿಳ್ಳೆ ಹೊಡೆಯಬಹುದು. ಪೇಪರ್ ಚೂರು ಎರಚಬಹುದು. ಮೊಬೈಲ್ ಎತ್ತಿ ಪರದೆಯನ್ನೇ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಬಹುದು. ಅಂಥವರನ್ನು ಎಬ್ಬಿಸಲು ಟಾರ್ಚ್ ಬಂದದ್ದನ್ನು ನಾನಂತೂ ಕಂಡಿಲ್ಲ. ಕಣ್ಣಿಲ್ಲದವಳ ಕಿವಿಯಲ್ಲಿ ಎರಡು ಮಾತು ಹೇಳಿದರೆ ಮಾತ್ರ ಸಿನಿಮಾದ ಮರ್ಯಾದೆ ಹೋಗುತ್ತದೆಯೇ?

ಸಿನಿಮಾದ ಕೊನೆಯಲ್ಲಿ ತಂಗಿ ಹೊರಟಳು. ಅಕ್ಕ ಬಾಗಿಲು ಹಾಕಿದಳು. ಪರದೆ ಕಪ್ಪಾಯಿತು.

“ಮುಗೀತು ಚಿಕ್ಕಮ್ಮ. ಬಾಗಿಲು ಹಾಕ್ಕೊಂಡ್ಲು. ರಾಜಿ ಆಗ್ಲಿಲ್ಲ.”

“ರಾಜಿ ಆಯ್ತು ಕಣೋ. ಅಷ್ಟೊತ್ತಿಂದ ಬಾಗಿಲು ಹಾಕ್ದಾಗೆಲ್ಲ ಚಿಲಕದ ಸದ್ದು ಬತ್ತಿತ್ತು. ಈಗ ಬರ್ಲಿಲ್ಲ. ತಂಗಿ ತಿರುಗಿ ಬತ್ತಾಳೆ ಅಂತ ಚಿಲಕ ಹಾಕ್ದೆ ಬುಟ್ಟವ್ಳೆ.”

ಎಡಗಡೆಯ ಬೆಳಕನ್ನೆಲ್ಲ ಕಂಡ ನನಗೆ ಆ ಚಿಲಕ ಕೇಳಿಸಿರಲಿಲ್ಲ. ಮನೆಗೆ ಬಂದು ಗೆಳೆಯನಿಗೆ ಫೋನ್ ಮಾಡಿ ಕೇಳಿದೆ. ಅವನಿಗೂ ಕೇಳಿಸಿರಲಿಲ್ಲ. (ಅವನು ಎರಡು ಸಲ ನೋಡಿದ್ದಾನೆ.)

ಅದಕ್ಕೂ ಮೊದಲು, ಥಿಯೇಟರಿನ ಮೆಟ್ಟಿಲಿಳಿಯುವಾಗ ಆ ಕನ್ನಡಕದ ಮನುಷ್ಯ ಮತ್ತೆ ಸಿಕ್ಕಿದ್ದ. ಈಗ ದನಿ ಮೆತ್ತಗಾಗಿತ್ತು. “ಬೇಜಾರ್ ಮಾಡ್ಕೋಬೇಡಿ ಸಾರ್. ಇಂಥವರಿಗೆ ಮನೇಲೇ ಟೀವಿ ಹಾಕಿಕೊಟ್ರೆ ಆರಾಮ ಅಲ್ವಾ?”

ಚಿಕ್ಕಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. “ಟೀವಿ ನಿಮ್ಮ ಮನೇಲೂ ಇರ್ತದಲ್ಲಪ್ಪ. ನೀವ್ಯಾಕೆ ಇಲ್ಲಿಗಂಟ ಬಂದ್ರಿ?”

ಆತ ಬೈಕಿನ ಕಡೆಗೆ ಹೋದ. ಬರುವ ಭಾನುವಾರಕ್ಕೆ ಎರಡು ಟಿಕೆಟ್ ಬುಕ್ ಮಾಡಿದ್ದೇನೆ, ಸರಿಯಾಗಿ ನಡುಮಧ್ಯದ ಸಾಲಿನಲ್ಲಿ. ನಮ್ಮನ್ನು ಎಬ್ಬಿಸಲು ಬರುವವರು ಮೊದಲು ಅವಳ ಆ ಪ್ರಶ್ನೆಗೆ ಉತ್ತರ ಹೇಳಲಿ.